ತಿಪ್ಪೆಯ ತಳ

ಗೊಬ್ಬರ ಕೊಳ್ಳಲು ಬರುವವರು ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ. ಅವರು ಸೋಲುವುದು ಅಲ್ಲೇ. ಮೂಗು ಮುಚ್ಚಿದವನಿಗೆ ಅಲ್ಲಿಂದ ಹೊರಟರೆ ಸಾಕಾಗಿರುತ್ತದೆ, ಹೊರಡುವ ಆತುರದವನಿಗೆ ಮಾರುವವನು ಹೇಳಿದ್ದೇ ಬೆಲೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ಮೇಲಕ್ಕೆ ಸರಿಸಿ, ಗುಡ್ಡೆಯೊಳಗೆ ಮೊಣಕೈವರೆಗೆ ಕೈ ತೂರಿಸುತ್ತೇನೆ. ಒಳಗೆ ಬಿಸಿಯಿದ್ದರೆ ಗೊಬ್ಬರ ಇನ್ನೂ ಕಳಿತಿಲ್ಲ. ಹಿಂಡಿದಾಗ ಬೆರಳ ಸಂದಿಯಲ್ಲಿ ನೀರು ಇಳಿದರೆ ತೂಕಕ್ಕೆಂದು ನೀರು ಹೊಡೆದಿದ್ದಾರೆ. ತಣ್ಣಗೆ, ಮೆತ್ತಗೆ, ಕೀವು ತುಂಬಿದ ಕುರುವಿನಂಥದ್ದು ಏನಾದರೂ ತಗುಲಿ, ತಗುಲಿದ್ದು ಬೆರಳಡಿಯಲ್ಲಿ ಹೊರಳಿದರೆ ಅದು ಗೊಣ್ಣೆ ಹುಳ. ಆಗ ನನ್ನ ಹೊಟ್ಟೆ ಇವತ್ತಿಗೂ ಒಂದು ಸಲ ಗಂಟಲವರೆಗೆ ಬಂದು ಹೋಗುತ್ತದೆ. ಮುಖದಲ್ಲಿ ತೋರಿಸುವುದಿಲ್ಲ. ಹುಳವನ್ನು ಎತ್ತಿ ಮಾರುವವನ ಅಂಗೈ ಮೇಲೆ ಇಡುತ್ತೇನೆ. ಅವನು ಅದನ್ನು ಕೊಡವಿ ಕುಣಿಯುವಷ್ಟರಲ್ಲಿ ಬೆಲೆ ಇಳಿದಿರುತ್ತದೆ. ಮಾರಂಡಹಳ್ಳಿ ಸುತ್ತಿನ ಟೊಮೇಟೊ ತೋಟಗಳಿಗೂ ತೆಂಗಿನ ತೋಟಗಳಿಗೂ ಲೋಡುಗಟ್ಟಲೆ ಗೊಬ್ಬರ ಕಳಿಸುವ ನನಗೆ ಹೇಸಿಗೆಯೇ ಇಲ್ಲವೆಂದು ನನ್ನ ಸೊಸೆ ತಿಳಿದಿದ್ದಾಳೆ. ನನ್ನಷ್ಟು ಹೇಸುವವರು ಈ ತಾಲ್ಲೂಕಿನಲ್ಲೇ ಇಲ್ಲ. ಹೇಸಿಗೆಯನ್ನು ಕೂಲಿಗೆ ಇಟ್ಟುಕೊಂಡಿದ್ದೇನೆ ಅಷ್ಟೆ, ಮನೆಯಲ್ಲಿ ಸುಮ್ಮನೆ ಕೂರಿಸಿ ಅನ್ನ ಹಾಕುತ್ತಿಲ್ಲ.

ನಮ್ಮ ಮನೆ ಉದ್ದಕ್ಕೆ ಇತ್ತು. ಮುಂದೆ ಜಗುಲಿ, ಒಳಗೆ ಒಂದು ಮಗ್ಗುಲಿಗೆ ನಾವು, ಇನ್ನೊಂದು ಮಗ್ಗುಲಿಗೆ ದನ, ಕೊನೆಗೆ ಅಡಿಗೆಮನೆ. ಅಡಿಗೆಮನೆಯ ಹಿಂಬಾಗಿಲು ತೆಗೆದರೆ ತಿಪ್ಪೆ. ಸಗಣಿ, ಕುರಿ ಹಿಕ್ಕೆ, ಒಲೆಯ ಬೂದಿ, ಕೊಳೆತ ಹುಲ್ಲು, ಸತ್ತ ಕೋಳಿ, ಬಾಣಂತಿಯ ಕೋಣೆಯಿಂದ ಹೊರಗೆ ಹೋಗುವುದೆಲ್ಲ, ಎಲ್ಲವೂ ಅಲ್ಲಿಗೆ. ಮೊದಲ ಮಳೆ ಬಿದ್ದ ಸಂಜೆ ಅದು ದೊಡ್ಡ ಪ್ರಾಣಿಯೊಂದು ಬೆವರಿದ ಹಾಗೆ ಹಬೆಯಾಡುತ್ತಿತ್ತು. ಆ ಹಬೆಯ ವಾಸನೆ ಮುದ್ದೆಯೊಳಗೂ ಸೇರುತ್ತಿತ್ತು. ಕತ್ತಲಾಗುವ ಹೊತ್ತಿಗೆ ಗುಂಯ್ ಎನ್ನುತ್ತ ಕೊಂಬಿನ ಹುಳಗಳು ಎದ್ದು ದೀಪಕ್ಕೆ ಬರುತ್ತಿದ್ದವು. ಹೆಬ್ಬೆರಳಿನಷ್ಟು ದಪ್ಪ, ಬೂಟಿಗೆ ಹಚ್ಚಿದ ಪಾಲಿಶಿನ ಕಪ್ಪು, ಮೂಗಿನ ಮೇಲೆ ಹಿಂದಕ್ಕೆ ಬಾಗಿದ ಒಂದು ಕೊಂಬು. ಹಾರಲು ಬರದವರಂತೆ ಹಾರಿ, ಗೋಡೆಗೆ ತಲೆ ಹೊಡೆದುಕೊಂಡು, ಸಾರಿನೊಳಗೆ ಬೀಳುವುದು. ಅಂಗಾತ ಬಿದ್ದ ಹುಳದ ಹೊಟ್ಟೆಯಲ್ಲಿ ಕೆಂಪು ಕೂದಲು, ಕೂದಲ ಸಂದಿಯಲ್ಲಿ ಓಡಾಡುವ ಚಿಕ್ಕ ಉಣ್ಣಿಗಳು. ನಾನು ತಟ್ಟೆ ದೂಡಿ ಎದ್ದರೆ ಅಪ್ಪ ಹುಳವನ್ನು ಕೊಂಬು ಹಿಡಿದು ಎತ್ತಿ ದನಗಳ ಕಡೆ ತೋರಿಸುತ್ತಿದ್ದ.

"ಕೊಂಬೈತೆ, ಕಟ್ಟಾಕಮ್ಮ. ಬೆಳಿಗ್ಗೆ ಆಲು ಕೊಟ್ರೂ ಕೊಡ್ತದೆ."

ಹುಳ ತೆಗೆದ ಸಾರನ್ನು ಚೆಲ್ಲುತ್ತಿರಲಿಲ್ಲ. ಹುರುಳಿ ಪುಕ್ಕಟೆ ಬಂದದ್ದಲ್ಲ ಎನ್ನುತ್ತಿದ್ದಳು ಅಜ್ಜಿ, ಅಪ್ಪನ ತಾಯಿ. ಆ ಮನೆಯಲ್ಲಿ ಅವಳ ಮಾತೇ ಕೊನೆಯ ಮಾತು. ತಿಪ್ಪೆಯ ವಿಷಯದಲ್ಲಂತೂ ಮೊದಲ ಮಾತೂ ಅವಳದೇ.

ನನ್ನ ಹೆಸರು ತಿಪ್ಪಮ್ಮ. ನಮ್ಮೂರು ಗಡಿಯಾಚೆ ತಮಿಳು ಸೀಮೆಯಲ್ಲಿದೆ, ಶಾಲೆಯಲ್ಲಿ ತಮಿಳು ಮೇಷ್ಟ್ರು ಕುಪ್ಪಮ್ಮಾಳ್ ಎಂದು ಬರೆದುಕೊಂಡರು. ಕುಪ್ಪೆ ಎಂದರೂ ತಿಪ್ಪೆಯೇ, ಅರ್ಥ ಅದೇ, ನಾತವೂ ಅದೇ. ನನಗಿಂತ ಮುಂಚೆ ಅವ್ವನಿಗೆ ಹುಟ್ಟಿದ ಇಬ್ಬರು ಗಂಡುಮಕ್ಕಳು ತೊಟ್ಟಿಲು ದಾಟಲಿಲ್ಲ. ಅಂಥ ಮನೆಯಲ್ಲಿ ಮತ್ತೊಂದು ಹುಟ್ಟಿದರೆ ನಮ್ಮ ಕಡೆ ಒಂದು ಉಪಾಯ ಮಾಡುತ್ತಾರೆ. ಕೂಸನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಬಿಟ್ಟು ಬರುತ್ತಾರೆ. ಪಕ್ಕದ ಮನೆಯವಳು ಬಂದು, ಯಾರೋ ಬಿಸಾಡಿದ ಕೂಸು ಸಿಕ್ಕಿತು ಎಂದು ಎತ್ತಿಕೊಳ್ಳುತ್ತಾಳೆ. ಮನೆಯವರು ಒಂದು ಮೊರ ತೌಡು ಕೊಟ್ಟು ಅವಳಿಂದ ಕೂಸನ್ನು ಕೊಳ್ಳುತ್ತಾರೆ. ಸಾವು ಬಂದು ವಿಚಾರಿಸಿದರೆ, ಇದು ನಾವು ಹೆತ್ತದ್ದಲ್ಲ, ತಿಪ್ಪೆಯ ಕಸ ಎನ್ನಬಹುದು. ಕಸವನ್ನು ಯಾರೂ ಆಸೆಪಟ್ಟು ಒಯ್ಯುವುದಿಲ್ಲ. ನನ್ನನ್ನು ಎತ್ತಿಕೊಂಡವಳು ಪಕ್ಕದ ಮನೆಯ ಮಾದಕ್ಕ. ತೌಡನ್ನು ಅವಳ ಎಮ್ಮೆ ತಿಂದಿತು.

ಎಲ್ಲರ ಮನೆಯಲ್ಲೂ ಉಪಾಯ ಅಲ್ಲಿಗೆ ಮುಗಿಯುತ್ತದೆ. ಅಜ್ಜಿ ಅದಕ್ಕೆ ತನ್ನದೊಂದು ಬಾಲ ಸೇರಿಸಿದ್ದಳು. ಪ್ರತಿ ವರ್ಷ ಪೊಂಗಲ್ ಮುಗಿದ ಮೇಲೆ ತಿಪ್ಪೆ ಬಗೆದು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವಾಗ, ನಾನು ಮಲಗಿದ್ದ ತಿಪ್ಪೆಯ ತಳವನ್ನು ಯಾರೂ ಕೆರೆಯಬಾರದು. ಒಂದು ಮೊಳದಷ್ಟು ಹಳೆಯದು ಹಾಗೇ ಇರಬೇಕು. ಸಾವು ಹುಡುಕಿಕೊಂಡು ಬಂದರೆ ಕೂಸು ಇನ್ನೂ ಅಲ್ಲೇ ಕಸದಡಿ ಇದೆ ಎಂದುಕೊಂಡು ವಾಪಸು ಹೋಗಬೇಕು. ನಾನು ದೊಡ್ಡವಳಾಗಿ ಮೈನೆರೆಯುವವರೆಗೆ ಹೀಗೆ. ಹಾಗಾಗಿ ನಮ್ಮ ತಿಪ್ಪೆಯ ತಳದಲ್ಲಿ ವರ್ಷಗಳ ಸಗಣಿ ಕಪ್ಪಗೆ, ನುಣ್ಣಗೆ, ಅಂಟಂಟಾಗಿ ಕೂತಿತ್ತು. ಗೊಣ್ಣೆ ಹುಳಕ್ಕೆ ಅದಕ್ಕಿಂತ ಒಳ್ಳೆಯ ತವರುಮನೆ ಎಲ್ಲಿ ಸಿಗುತ್ತದೆ? ಸನಿಕೆ ಸ್ವಲ್ಪ ಆಳಕ್ಕೆ ಹೋದರೆ ಸಾಕು, ಬಿಳಿ ಬಿಳಿ ಗುಂಪು. ಹೆಬ್ಬೆರಳ ದಪ್ಪದ ಮೈ ಸುರುಳಿ ಸುತ್ತಿ, ಕಂದು ತಲೆ ಬಾಲಕ್ಕೆ ಮುತ್ತಿಡುವ ಹಾಗೆ ಮಡಚಿಕೊಂಡಿರುತ್ತಿತ್ತು. ಚರ್ಮ ಎಷ್ಟು ತೆಳುವೆಂದರೆ ಹಿಂಭಾಗದಲ್ಲಿ ಅದು ತಿಂದ ಸಗಣಿ ನೀಲಿಗಪ್ಪಾಗಿ ಒಳಗಿನಿಂದ ಕಾಣುತ್ತಿತ್ತು. ಈ ನನ್ನ ಕಾವಲುಗಾರರನ್ನು ನೋಡಿ ನಾನು ತಿನ್ನುವುದನ್ನು ಬಿಟ್ಟೆ. ಎಲ್ಲವನ್ನೂ ಅಲ್ಲ, ಹಿತಕಿದ ಅವರೆಕಾಳನ್ನು. ನೆನೆಸಿದ ಅವರೆಯನ್ನು ಅವ್ವ ಎರಡು ಬೆರಳಲ್ಲಿ ಒತ್ತಿದಾಗ ಸಿಪ್ಪೆಯಿಂದ ಪುಳಕ್ಕನೆ ಹೊರಗೆ ಜಾರುವ ಆ ಬಿಳಿ ಬೇಳೆಯನ್ನು ನೋಡಿದರೆ ನನ್ನ ಬಾಯಿ ತುಂಬ ನೀರು ಬರುತ್ತಿತ್ತು, ಹಸಿವಿನ ನೀರಲ್ಲ. ಅವರೆ ಕಾಲದಲ್ಲಿ ಮನೆಯವರೆಲ್ಲ ಬೆರಳು ನೆಕ್ಕುತ್ತಿದ್ದರೆ ನಾನು ಉಪ್ಪು ಮೆಣಸಿನಕಾಯಿ ನಂಜಿಕೊಂಡು ಮುದ್ದೆ ನುಂಗುತ್ತಿದ್ದೆ.

ಬಾವಿಯಿಂದ ಮನೆಗೆ ಬರುವ ದಾರಿಯಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಅವ್ವ ಎರಡು ತೆಂಗಿನ ಸಸಿ ನೆಟ್ಟಿದ್ದಳು. ತವರಿನಿಂದ ತಲೆಯ ಮೇಲೆ ಹೊತ್ತು ತಂದವು. ಸತ್ತ ಮಕ್ಕಳಿಬ್ಬರಿಗೆ ಒಂದೊಂದು. ಅವಳು ಹಾಗೆಂದು ಯಾರಿಗೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ದೊಡ್ಡ ಸಸಿಗೆ ಮೊದಲು ನೀರು, ಚಿಕ್ಕದಕ್ಕೆ ಆಮೇಲೆ, ಹುಟ್ಟಿದ ಸರತಿಯಂತೆ ಹಾಕುತ್ತಿದ್ದಳು. ದೊಡ್ಡದು ಆಳೆತ್ತರ ಬಂದಾಗ ಸುಳಿಯಲ್ಲಿ ತೂತು ಕಂಡಿತು. ತೂತಿನ ಬಾಯಲ್ಲಿ ಅಗಿದು ಉಗಿದ ಎಲೆಯಡಿಕೆಯ ಹಾಗೆ ನಾರಿನ ಚರಟ. ಹೊಸ ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದಂತೆ ಮುಕ್ಕಾಗಿತ್ತು. ಅವ್ವ ಸೈಕಲ್ ಚಕ್ರದ ಕಡ್ಡಿಯ ತುದಿ ಬಗ್ಗಿಸಿ ತೂತಿಗೆ ತೂರಿಸಿ, ತಿರುಗಿಸಿ ಎಳೆದಳು. ಕೊಂಬಿನ ಹುಳ ಹೊಟ್ಟೆಗೆ ಕಡ್ಡಿ ಚುಚ್ಚಿಸಿಕೊಂಡು, ಬೆಳ್ಳಗಿನ ರಸ ಸುರಿಸುತ್ತ, ಇನ್ನೂ ಕಾಲಾಡಿಸುತ್ತ ಬಂತು. ಅಷ್ಟರಲ್ಲಿ ತಡವಾಗಿತ್ತು. ಸುಳಿ ಕೊಳೆತು, ಹಿಡಿದೆಳೆದರೆ ಕೈಗೇ ಬಂತು. ಕೊಳೆತ ಸುಳಿಯ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತು ಮಾಡಿಕೊಳ್ಳಬೇಡಿ. ಅವ್ವ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಮುಂದಿನ ವರ್ಷ ಚಿಕ್ಕ ಸಸಿಯ ಗರಿಯಲ್ಲೂ ಅದೇ ಕತ್ತರಿ.

ತಿಪ್ಪೆಯ ಬಿಳಿ ಹುಳವೇ ಮರದ ಕೊಂಬಿನ ಹುಳ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಒಂದು ಮಧ್ಯಾಹ್ನ ಕೋಳಿ ತಿಪ್ಪೆಯ ಬುಡ ಕೆದಕಿತು. ನಿಂಬೆಹಣ್ಣಿಗಿಂತ ದೊಡ್ಡದಾದ ಮಣ್ಣಿನ ಉಂಡೆಯೊಂದು ಉರುಳಿ ಬಂದು ಒಡೆಯಿತು. ಅವ್ವ ಅದನ್ನು ಮೊರದಲ್ಲಿ ಹಾಕಿಕೊಂಡು ಬಂದು ಅಜ್ಜಿಯ ಮುಂದೆ ಇಟ್ಟಳು. ಒಳಗೆ ಇದ್ದದ್ದು ಹುಳವೂ ಅಲ್ಲ, ದುಂಬಿಯೂ ಅಲ್ಲ. ಹಳದಿ ಮೇಣದಲ್ಲಿ ಮಾಡಿ ಕಾಲುಗಳನ್ನು ಎದೆಗೆ ಕಟ್ಟಿದ ಹೆಣದ ಹಾಗೆ ಇತ್ತು. ಕಣ್ಣಿರಲಿಲ್ಲ. ಮುಟ್ಟಿದರೆ ಬಾಲ ಮಾತ್ರ ಸುತ್ತಿ ಸುತ್ತಿ ತಿರುಗುತ್ತಿತ್ತು. ಅದರ ಒಂದು ಪಕ್ಕಕ್ಕೆ ಗೊಣ್ಣೆ ಹುಳ ಬಿಚ್ಚಿಟ್ಟ ಸುಕ್ಕು ಚರ್ಮ ಅಂಟಿಕೊಂಡಿತ್ತು, ಇನ್ನೊಂದು ತುದಿಯಲ್ಲಿ ಸಣ್ಣ ಕೊಂಬು ಮೂಡಿತ್ತು.

"ನೋಡಿ ಅತ್ತೆ. ಬಿಳೀ ಉಳಾನೇ ಇದಾಯ್ತದೆ, ಇದೇ ಎದ್ದು ಮರಕ್ಕೆ ಓಯ್ತದೆ. ಮರ ತಿಂದು ಬಂದು ಇಲ್ಲೇ ಮೊಟ್ಟೆ ಇಕ್ತದೆ. ಈ ಸಲ ತಳ ಕೆರೆದ್ಬುಡಾಣ."

ಅಜ್ಜಿ ಎಲೆಯಡಿಕೆ ಅಗಿಯುತ್ತ ಬಹಳ ಹೊತ್ತು ಮೊರ ನೋಡಿದಳು. ಕೊಂಬು ಅವಳಿಗೂ ಕಂಡಿತು.

"ಸರಿ, ಇದೇ ಇರ್ಬೋದು. ಇದ್ರೆ ಇರ್ಲಿ, ಮರಾನೇ ತಿನ್ಲಿ. ಸತ್ತೋರ ಮರ ಉಳ್ಸಕ್ಕೆ ಬದುಕಿರೋಳ್ನ ಕಳೀತೀಯೇನೇ?"

ಅವ್ವ ಮೊರ ಎತ್ತಿಕೊಂಡು ಹೋದಳು. ಆವತ್ತಿನಿಂದ ಅವರಿಬ್ಬರ ನಡುವೆ ಮಾತು ನಿಂತಿತು. ಉಪ್ಪು ಬೇಕಾದರೂ ನನ್ನ ಮೂಲಕ ಕೇಳಿಸುತ್ತಿದ್ದರು. ಅವ್ವ ದಿನಾ ಸಂಜೆ ಕಡ್ಡಿ ಹಿಡಿದು ಚಿಕ್ಕ ಸಸಿಯ ಹತ್ತಿರ ನಿಲ್ಲುವಳು. ಸಸಿಯನ್ನು ನೋಡಿ ಆಮೇಲೆ ನನ್ನನ್ನು ನೋಡುವಳು. ಆ ನೋಟ ನನಗೆ ತಡೆಯಲಾಗಲಿಲ್ಲ. ನನ್ನ ಪ್ರಾಣವನ್ನು ಸಗಣಿಯಲ್ಲಿ ಬಚ್ಚಿಟ್ಟು, ಅದಕ್ಕೆ ಆ ಹುಳಗಳನ್ನು ಕಾವಲಿಗೆ ಬಿಟ್ಟು, ಅವುಗಳಿಗೆ ನನ್ನ ಅಣ್ಣನ ಮರವನ್ನು ಊಟಕ್ಕೆ ಹಾಕಿದ್ದರು. ಅಂಥ ಬದುಕು ಬಾಯಲ್ಲಿಟ್ಟುಕೊಂಡ ಕೂದಲಿನ ಹಾಗೆ, ನುಂಗಲೂ ಆಗದು, ಉಗಿಯಲೂ ಆಗದು.

ಅಜ್ಜಿ ನನ್ನನ್ನು ಮಾರಂಡಹಳ್ಳಿ ಸಂತೆಗೆ ಕರೆದುಕೊಂಡು ಹೋಗುತ್ತಿದ್ದಳು. ಅವಳ ವ್ಯಾಪಾರ ನೋಡಿಯೇ ನಾನು ಕಲಿತದ್ದು. ಬೇಕಾದ ವಸ್ತುವನ್ನು ಅವಳು ಮೊದಲು ಮುಟ್ಟುತ್ತಿರಲಿಲ್ಲ. ಬೇಡದ ವಸ್ತುವಿಗೆ ಚೌಕಾಸಿ ಮಾಡಿ, ಅಂಗಡಿಯವನನ್ನು ದಣಿಸಿ, ಎದ್ದು ಹೊರಡುವಾಗ "ಓಗ್ಲಿ, ಇದೆಷ್ಟು?" ಎಂದು ಬೇಕಾದ್ದನ್ನು ಕೇಳುತ್ತಿದ್ದಳು. ನೀವು ಏನಾದರೂ ಕೊಳ್ಳುವವರಾದರೆ ಇದೊಂದನ್ನು ನೆನಪಿಡಿ, ಉಳಿದ ಉಪದೇಶವೆಲ್ಲ ಮರೆತರೂ ಪರವಾಗಿಲ್ಲ. ನಾನು ಅದನ್ನು ಮೊದಲು ಪ್ರಯೋಗ ಮಾಡಿದ್ದು ಅವಳ ಮೇಲೆಯೇ. ಒಂದು ಬೆಳಿಗ್ಗೆ ನನ್ನ ಲಂಗ, ರವಿಕೆ ಗಂಟು ಕಟ್ಟಿಕೊಂಡು ಜಗುಲಿಗೆ ಬಂದೆ.

"ಎಲ್ಲಿಗ್ಲೇ?"

"ಮಾದಕ್ಕನ ಮನೆಗೆ. ತಿಪ್ಪೆಯಿಂದ ನನ್ನ ಎತ್ಕೊಂಡೋಳು ಅವ್ಳು. ನೀನು ಕೊಟ್ಟಿದ್ದು ಒಂದು ಮೊರ ತೌಡು, ಅದೂ ಮುಗ್ಗಿದ್ದಂತೆ. ಆ ವ್ಯಾಪಾರ ಸರಿ ಓಗಿಲ್ಲ. ನಾನು ಇನ್ನೂ ಅವ್ಳದ್ದೇ."

"ಮುಗ್ಗಿದ್ದು ಅಂತ ಯಾವ ಮುಂಡೆ ಏಳಿದ್ಲು!"

"ಎಮ್ಮೆ ಏಳ್ತು."

ಅಜ್ಜಿ ಗಂಟು ಕಿತ್ತುಕೊಂಡಳು, ನಾನು ಅತ್ತೆ. ಅವಳು ಬೈದಳು, ನಾನು ಜಗುಲಿಯಿಂದ ಇಳಿದೆ. ಅವಳು ನನ್ನ ಜಡೆ ಹಿಡಿದಾಗ ಹೇಳಿದೆ:

"ಓಗ್ಲಿ. ನಾನು ಇಲ್ಲೇ ಇರ್ತೀನಿ, ತಿಪ್ಪೆ ಬ್ಯಾರೆ ಕಡೆ ಓಗ್ಲಿ. ಬಾವಿ ಆಚೆ, ಹೊಲದ ಮೂಲೇಲಿ ಹೊಸಾ ತಿಪ್ಪೆ ಆಕ್ರಿ. ನನ್ನ ಅಲ್ಲಿ ಮಲಗ್ಸಿ ಇನ್ನೊಂದು ಸಲ ಕೊಂಡ್ಕೊಳ್ರಿ. ಸಾವು ಬಂದ್ರೆ ಅಲ್ಲೋಗಿ ಹುಡುಕ್ಲಿ. ಆಮೇಲೆ ಈ ತಳ ಯಾರದ್ದೂ ಅಲ್ಲ."

ಅಜ್ಜಿ ಜಡೆ ಬಿಡಲಿಲ್ಲ. ಕಣ್ಣು ಸಣ್ಣ ಮಾಡಿ ನನ್ನನ್ನು ನೋಡಿದಳು.

"ಈ ಆಟ ನನ್ನತ್ರಾನೇ ಕಲ್ತು ನನ್ನತ್ರಾನೇ ಆಡ್ತೀಯಾ, ಕಳ್ಳಿ." ಜಡೆಯನ್ನು ಮುಂಗೈಗೆ ಸುತ್ತಿಕೊಂಡು, "ಆದ್ರೆ ಹಳೇ ತಳ ನೀನೇ ಕೆರೀಬೇಕು, ಬರೀ ಕೈಲಿ. ಇನ್ನೊಬ್ರು ಮುಟ್ಟಿದ್ರೆ ದೋಷ ನಿನಗೇ ಬತ್ತದೆ."

ಹೇಸುವವಳು ಒಪ್ಪುವುದಿಲ್ಲ ಎಂಬ ಲೆಕ್ಕ ಅವಳದು. ನಾನು ಹೂಂ ಅಂದೆ.

ಪೊಂಗಲ್ ಕಳೆದು ಬಂದ ಒಂದು ಒಳ್ಳೆಯ ದಿನ ಬೆಳಿಗ್ಗೆ ಹೊಲದ ಮೂಲೆಯಲ್ಲಿ ಹಸಿ ಸಗಣಿಯ ಗುಡ್ಡೆ ಹಾಕಿದರು. ನಾನು ಮೊರದಲ್ಲಿ ಹಿಡಿಯುವ ವಯಸ್ಸು ದಾಟಿದ್ದೆ. ಮೊರವನ್ನು ತಲೆಯಡಿ ಇಟ್ಟು ನನ್ನನ್ನು ನೇರವಾಗಿ ಸಗಣಿಯ ಮೇಲೇ ಮಲಗಿಸಿದರು. ತೇವ ಲಂಗದೊಳಗೆ ಏರಿತು, ನೊಣ ತುಟಿಯ ಮೇಲೆ ಕೂತಿತು. ಮಾದಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಗುಡ್ಡೆಯ ಸುತ್ತ ಬಂದಳು.

"ಅಯ್ಯೋ ಪಾವಂ, ಯಾರೋ ಕೂಸು ಬಿಸಾಕವ್ರೆ! ಕೂಸೇನು, ಕತ್ತೆ ಬೆಳ್ದಂಗೆ ಬೆಳ್ದೈತೆ. ಎತ್ತಕ್ಕೆ ಇಬ್ರು ಬೇಕು."

ಅವಳು ನನ್ನ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ನಿಲ್ಲಿಸಿದಳು. ಅಜ್ಜಿ ಮುಂದೆ ಬಂದಳು. ಶಾಸ್ತ್ರಕ್ಕೆ ಬಂದವಳೇ, ಆದರೆ ಕೊಳ್ಳಲು ನಿಂತಳೆಂದರೆ ಅವಳಿಗೆ ಶಾಸ್ತ್ರ ಮರೆತುಹೋಗುತ್ತಿತ್ತು.

"ಅರ್ಧ ಮೊರ ತೌಡು ಕೊಡ್ತೀನಿ."

"ಅರ್ಧಕ್ಕೆ ಕೋಳಿಮರೀನೂ ಬರಲ್ಲ ಓಗು, ಅತ್ತೆ. ಉಡುಗಿ ಕೆಂಪಗೆ ಗಟ್ಟಿಯಾಗೈತೆ, ಬಾಯ್ಬಿಡ್ಸಿ ಅಲ್ಲು ನೋಡು."

"ಅಲ್ಲು ನೋಡಕ್ಕೆ ಇದೇನು ಮೇಚೇರಿ ಸಂತೆ ಕುರಿನಾ? ಎಲ್ಡು ಮುದ್ದೆ ತಿಂತದೆ, ಅವರೆ ಸಾರು ಇಕ್ಕುದ್ರೆ ಮೂತಿ ತಿರುಗುಸ್ತದೆ. ಅರ್ಧಾನೇ ಜಾಸ್ತಿ."

"ಬಸ್ಸಿನ ಬೋರ್ಡು ಓದ್ತೀನಿ," ಅಂದೆ ನಾನು. "ಕೂಡೋದು ಕಳೆಯೋದು ಬತ್ತದೆ. ಎಲ್ಡು ಮೊರಕ್ಕೆ ಕಮ್ಮಿ ನಾನು ಬರಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪ ದೂರದಿಂದಲೇ, "ರೇಟು ಜಾಸ್ತಿ ಆದ್ರೆ ಬುಟ್ಬುಡು, ಮಾದಕ್ಕಾನೇ ಸಾಕ್ಲಿ," ಅಂದ. ಅಜ್ಜಿ ಮುಕ್ಕಾಲು ಮೊರಕ್ಕೆ ಏರಿದಳು. ಆಗ ಅವ್ವ ಮನೆಯ ಕಡೆಯಿಂದ ಬಂದಳು. ತೌಡಿನ ಮಡಕೆಯನ್ನೇ ತಬ್ಬಿಕೊಂಡು ಬಂದಿದ್ದಳು, ದನಗಳಿಗೆ ಇಡೀ ಬೇಸಿಗೆಗೆಂದು ಕೂಡಿಟ್ಟದ್ದು. ಅದನ್ನು ಮಾದಕ್ಕನ ಕಾಲ ಬಳಿ ಇಟ್ಟು, ಸಗಣಿ ಮೆತ್ತಿದ ನನ್ನ ಕೈ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ನಗು ನಿಂತಿತು. ಚೌಕಾಸಿ ಮಾಡಬಾರದ ವಸ್ತುವೂ ಒಂದು ಇದೆ ಎಂದು ನನಗೆ ಗೊತ್ತಾದದ್ದು ಆವತ್ತು. ವ್ಯಾಪಾರದಲ್ಲಿ ಅದು ಉಪಯೋಗಕ್ಕೆ ಬಂದಿಲ್ಲ.

ಆಮೇಲೆ ಹಳೆಯ ತಳ. ಮೇಲಿನದನ್ನು ಅಪ್ಪ ಗಾಡಿಗೆ ತುಂಬಿ ಬಿಟ್ಟಿದ್ದ. ಉಳಿದ ಮೊಳದಾಳಕ್ಕೆ ನಾನು ಮಂಡಿಯೂರಿ ಕೂತು ಬರಿಗೈ ಹಾಕಿದೆ. ಮೊದಲು ಸಿಕ್ಕಿದ್ದು ಮೊಟ್ಟೆಗಳು, ಪಾಯಸಕ್ಕೆ ನೆನೆಹಾಕಿದ ಸಬ್ಬಕ್ಕಿಯ ಹಾಗೆ. ಸ್ವಲ್ಪ ಕೆಳಗೆ ಅಕ್ಕಿ ಹುಳದಷ್ಟು ಚಿಕ್ಕ ಮರಿಗಳು, ಅದರ ಕೆಳಗೆ ಬೆರಳು ದಪ್ಪದವು, ಅದರ ಕೆಳಗೆ ನನ್ನ ಮುಷ್ಟಿ ತುಂಬುವಂಥವು, ಒಂದಕ್ಕೊಂದು ಒತ್ತಿಕೊಂಡು, ಬೆಳಕಿಗೆ ಬಂದದ್ದಕ್ಕೆ ಸಿಟ್ಟಾದಂತೆ ಹೊರಳುತ್ತಿದ್ದವು. ಎತ್ತಿದರೆ ಕಂದು ದವಡೆಯಿಂದ ಚರ್ಮ ಕಚ್ಚಿ ಅಂಗೈ ಮೇಲೆ ಕರಿಯ ನೀರು ಕಕ್ಕುತ್ತಿದ್ದವು. ಕೆಲವು ಬೆರಳಲ್ಲೇ ಒಡೆದವು. ಅವರೆ ಹಿತಕಿದ ಹಾಗೇ, ಅದೇ ಪುಳಕ್ ಸದ್ದು. ಇನ್ನೂ ಕೆಳಗೆ, ನೆಲ ಗಟ್ಟಿಯಾಗುವಲ್ಲಿ, ಮಣ್ಣುಂಡೆಗಳು. ಒಂದರಲ್ಲಿ ಹಳದಿ ಹೆಣ ಬಾಲ ತಿರುಗಿಸುತ್ತಿತ್ತು. ಇನ್ನೊಂದರಲ್ಲಿ ಆಗಷ್ಟೇ ಕೊಂಬು ಬಂದ ದುಂಬಿ, ಇನ್ನೂ ಗಟ್ಟಿಯಾಗದ ಕೆಂಪು ಚಿಪ್ಪು, ಹುಟ್ಟಿದ ಕೂಸಿನ ಉಗುರಿನಷ್ಟು ಮೆತ್ತಗೆ. ಒಂದು ಪ್ರಾಣಿಯ ಇಡೀ ಆಯಸ್ಸನ್ನು ಪದರ ಪದರವಾಗಿ ನನ್ನ ಹೆಸರಿನ ಕೆಳಗೆ ಜೋಡಿಸಿಟ್ಟಿದ್ದರು. ಅವ್ವ ಕುದಿಯುವ ನೀರಿನ ಹಂಡೆ ಪಕ್ಕಕ್ಕೆ ಇಟ್ಟಿದ್ದಳು, ನಾನು ಎತ್ತಿ ಎತ್ತಿ ಹಾಕುತ್ತಿದ್ದೆ. ನೀರಿನ ಮೇಲೆ ಕೊಬ್ಬು ತೇಲಿತು. ಆ ವಾಸನೆಗೆ ನಾನು ಕಕ್ಕಿದೆ, ಬಾಯಿ ಒರೆಸಿದೆ, ಮತ್ತೆ ಕೈ ಹಾಕಿದೆ. ಸಂಜೆಗೆ ಕೆಂಪು ನೆಲ ಕಾಣಿಸಿತು. ನಮ್ಮ ಹಿತ್ತಲ ನೆಲ ಕೆಂಪು ಎಂದು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಹುಳ ಆರಿಸಿದ ಗೊಬ್ಬರದ ಕೊನೆಯ ಬುಟ್ಟಿಯನ್ನು ಹೊತ್ತು ಹೊಸ ತಿಪ್ಪೆಗೆ ಹೋದಾಗ ಅವ್ವ ಜೊತೆಗಿದ್ದಳು, ಅಜ್ಜಿ ಹಿಂದೆ ಹಿಂದೆ ಬಂದಳು. ಮಡಿಲಲ್ಲಿ ಏನೋ ಬಿಗಿ ಹಿಡಿದಿದ್ದಳು. ಗುಡ್ಡೆಯ ಮಧ್ಯೆ ಕೈಯಿಂದ ಗುಂಡಿ ಮಾಡಿ ಮಡಿಲು ಬಿಚ್ಚಿದಳು. ಒಂದು ಹಿಡಿ ಹಳೆಯ ತಳದ ಕಪ್ಪು ಗೊಬ್ಬರ. ಅದರ ನಡುವೆ ಬಿಳಿಯದೊಂದು ಸುರುಳಿ ಬಿಚ್ಚಿ, ತಲೆ ಎತ್ತಿ, ಮತ್ತೆ ಸುತ್ತಿಕೊಂಡಿತು. ಅಜ್ಜಿಗೂ ಕಂಡಿತು, ಅವ್ವನಿಗೂ ಕಂಡಿತು. ಅವ್ವನ ಸೊಂಟದಲ್ಲಿ ಸೈಕಲ್ ಕಡ್ಡಿ ಇತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಎಷ್ಟೋ ದಿನಗಳ ಮೇಲೆ ಅಜ್ಜಿ ಅವ್ವನನ್ನು ಹೆಸರು ಹಿಡಿದು ನೇರವಾಗಿ ಮಾತಾಡಿಸಿದಳು.

"ಒಂದಿರ್ಲಿ, ರಾಜಿ."

ಅವ್ವ ಮರದ ಕಡೆ ತಿರುಗಿ ನೋಡಿದಳು. ಬಾವಿಯಾಚೆ, ದೂರದಲ್ಲಿ, ಮುಕ್ಕಾದ ಗರಿಗಳು ಕಾಣುತ್ತಿದ್ದವು. ಆಮೇಲೆ ಬಗ್ಗಿ, ಎರಡೂ ಕೈಯಿಂದ ಹಸಿ ಸಗಣಿ ಎಳೆದು, ಆ ಹುಳದ ಮೇಲೆ ಮುಚ್ಚಿ, ಮಗುವಿಗೆ ಹೊದಿಸುವ ಹಾಗೆ ತಟ್ಟಿದಳು.

ಆ ಚಿಕ್ಕ ಮರ ಉಳಿಯಿತು. ಸುಳಿಯ ಗಾಯದ ಹತ್ತಿರ ಸೊಟ್ಟಗಾಗಿ, ಅಲ್ಲಿಂದ ಮೇಲೆ ನೆಟ್ಟಗೆ ಬೆಳೆದು ಇವತ್ತಿಗೂ ಕಾಯಿ ಬಿಡುತ್ತದೆ. ತೆಂಗು ಹಾಕುವವರಿಗೆ ನಾನು ಹೇಳುವುದು ಇಷ್ಟೆ: ತಿಪ್ಪೆಯನ್ನು ಮರದಿಂದ ದೂರ ಇಡಿ, ವರ್ಷಕ್ಕೊಮ್ಮೆ ತಳ ಕಾಣುವ ಹಾಗೆ ಕೆರೆಯಿರಿ. ನಮ್ಮ ಹೊಲದ ಮೂಲೆಯ ತಿಪ್ಪೆಯನ್ನು ನಾನು ಮೈನೆರೆಯುವವರೆಗೂ ಯಾರೂ ಕೆರೆಯಲಿಲ್ಲ, ಅದು ಬೇರೆ ಮಾತು.

ಆ ಸಂಜೆ ಅವ್ವ ಬೂದಿ ಹಾಕಿ ಕೈ ತಿಕ್ಕಿಕೊಂಡು ಒಲೆಯ ಮುಂದೆ ಕೂತು ಅವರೆ ಹಿತಕಿದಳು. ಅದೇ ಬೆರಳುಗಳು, ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು ಇತ್ತು. ಸಾರು ಕುದಿಯಿತು, ಅಜ್ಜಿ ಉಪ್ಪು ಸಾಲದು ಎಂದು ಅವ್ವನಿಗೇ ಹೇಳಿದಳು, ಅವ್ವ ಹಾಕಿದಳು. ನನ್ನ ತಟ್ಟೆಗೆ ಬರಿಯ ಮುದ್ದೆ ಇಟ್ಟು ಉಪ್ಪು ಮೆಣಸಿನಕಾಯಿಗೆ ಕೈ ಚಾಚಿದಳು. ನಾನು ತಟ್ಟೆಯನ್ನು ಸಾರಿನ ಕಡೆಗೆ ಸರಿಸಿದೆ. ಅವ್ವ ಮುದ್ದೆ ಮುರಿದು, ಬಿಳಿ ಬೇಳೆಗಳಲ್ಲಿ ಅದ್ದಿ, ತನ್ನ ಕೈಯಿಂದಲೇ ನನ್ನ ಬಾಯಿಗೆ ಇಟ್ಟಳು. ತಿಂದೆ. ಇನ್ನೊಂದು ತುತ್ತು ಇಟ್ಟಳು, ಅದನ್ನೂ ತಿಂದೆ. ತಟ್ಟೆ ಬರಿದಾಗುವವರೆಗೆ ಕೂತಿದ್ದು, ನಿಧಾನವಾಗಿ ಎದ್ದು, ಹಿಂಬಾಗಿಲು ತೆಗೆದು, ಕೆಂಪಗೆ ಗುಡಿಸಿಟ್ಟಿದ್ದ ಆ ಹೊಸ ನೆಲದ ಮೇಲೆ ಅಷ್ಟನ್ನೂ ಕಕ್ಕಿದೆ. ಒಳಗೆ ಬಂದು ಬಾಯಿ ಮುಕ್ಕಳಿಸಿದಾಗ ಅವ್ವ ಕೇಳಿದಳು:

"ಸಾಕಾ, ಇನ್ನೂ ಬೇಕಾ?"

"ಇನ್ನೊಂದು ತುತ್ತು ಇಕ್ಕು," ಅಂದೆ.